ಐಸೊಲೇಷನ್ ವಾರ್ಡಿಗೆ ಪಾಳಿ ಹೇಗೆ ಹಾಕುವುದು?

ಪ್ರಶ್ನೆ: ಸಾಂಕ್ರಾಮಿಕದ ಒತ್ತಡದಲ್ಲಿ ಪಾಳಿಪಟ್ಟಿ ಮಾಡಬೇಕಿದೆ. ಪಿಪಿಇ (ಗೌನ್, ಗ್ಲೌಸ್, ಮಾಸ್ಕ್ ಮುಂತಾದ ರಕ್ಷಣಾ ಉಡುಪು) ಹಾಕಿಕೊಂಡು 8 ಗಂಟೆ ನಿಲ್ಲುವುದು ಸಿಬ್ಬಂದಿಯ ಕೈಲಾಗುತ್ತಿಲ್ಲ. ಹೇಗೆ ಹಂಚಲಿ?

ಉತ್ತರ 1: ಪಾಳಿ 8 ಗಂಟೆಯೇ ಇರಲಿ, ವಾರ್ಡಿನೊಳಗೆ ಮಾತ್ರ 4 ಗಂಟೆ ಮೀರದಿರಲಿ. ಅರ್ಧ ತಂಡ ಒಳಗಿದ್ದಾಗ ಉಳಿದವರು ಹೊರಗೆ ಕೇಸ್ ಶೀಟ್, ಔಷಧಿ, ರೋಗಿಗಳ ಮನೆಯವರ ಫೋನು ನೋಡಿಕೊಳ್ಳಲಿ. ತಂಡಗಳನ್ನು ಬೆರೆಸಬೇಡಿ; ಬೆರೆಸಿದರೆ, ಒಬ್ಬರಿಗೆ ಸೋಂಕು ತಗುಲಿದಾಗ ಎಲ್ಲರೂ ಕ್ವಾರಂಟೈನ್. ಊಟದ ಕೋಣೆಯಲ್ಲೂ ಇದನ್ನು ಮರೀಬೇಡಿ, ಮಾಸ್ಕ್ ತೆಗೆದು ಒಟ್ಟಿಗೆ ಕೂರುವುದು ಅಲ್ಲೇ.

ಉತ್ತರ 2: ಸುಸ್ತಾಗಿ ಪಿಪಿಇ ಬಿಚ್ಚುವಾಗ ಎಡವಟ್ಟು ಜಾಸ್ತಿ. ಪಕ್ಕದಲ್ಲೊಬ್ಬರು ನಿಂತು ಹಂತ ಹಂತವಾಗಿ ಹೇಳಲಿ: ಮೊದಲು ಗ್ಲೌಸ್, ಆಮೇಲೆ ರಕ್ಷಣಾ ಕನ್ನಡಕ, ನಂತರ ಗೌನನ್ನು ಒಳಮಗ್ಗುಲು ಹೊರಬರುವಂತೆ ಸುತ್ತಿ ತೆಗೆಯುವುದು. ಎನ್95 ಮಾಸ್ಕ್ ಕೊನೆಗೆ, ಕೊಠಡಿಯಿಂದ ಹೊರಬಂದ ಮೇಲೆ. ಮುಂಭಾಗ ಮುಟ್ಟದೆ ಕೆಳಗಿನ ಪಟ್ಟಿ ಮೊದಲು, ಮೇಲಿನದು ಆಮೇಲೆ. ನಡುನಡುವೆ ಕೈಗೆ ಸ್ಯಾನಿಟೈಸರ್. ಗಡ್ಡವಿದ್ದರೆ ಎನ್95 ಮುಖಕ್ಕೆ ಸರಿಯಾಗಿ ಕೂರದು, ಹಿರಿಯ ಡಾಕ್ಟರಾದರೂ ಅಷ್ಟೇ!

ಉತ್ತರ 3: ಮುಖ್ಯಸ್ಥರು ದಿನಾ 10 ನಿಮಿಷ ನಿಂತೇ ಸಭೆ ಮಾಡಲಿ: ಬೆಡ್, ಆಕ್ಸಿಜನ್, ಪಿಪಿಇ ಎಷ್ಟು ಉಳಿದಿವೆ ಅಂತ. ದಾಸ್ತಾನು ಕಡಿಮೆಯಿದ್ದರೆ ಮುಚ್ಚಿಡಬಾರದು. ವದಂತಿ ಹಬ್ಬಿದರೆ ಜನ ಮಾಸ್ಕ್ ಬಚ್ಚಿಡಲು ಶುರುಮಾಡುತ್ತಾರೆ.