ಅಪ್‌ಡೇಟ್: ಮನಸ್ಸು ಮರಗಟ್ಟಿದೆ ಅಂತ ಕೇಳಿದ್ದೆನಲ್ಲ

ಚರ್ಚಿಗೆ ತಪ್ಪದೆ ಹೋಗುತ್ತೇನೆ, ಬೈಬಲ್ ಓದುತ್ತೇನೆ, ಆದರೆ ಪ್ರಾರ್ಥನೆಯಲ್ಲಿ ಜೀವವೇ ಇಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಜಾಸ್ತಿ ಜನ ಉಪವಾಸ, ರಿಟ್ರೀಟ್ (ಕೆಲವು ದಿನ ದೂರ ಹೋಗಿ ಪ್ರಾರ್ಥನೆಯಲ್ಲಿ ಕಳೆಯುವುದು) ಅಂದಿರಿ, ಅದು ನನಗೆ ಅಷ್ಟು ಹಿಡಿಸಲಿಲ್ಲ.

ಒಬ್ಬರು ಮಾತ್ರ ಬೈಬಲ್‌ನ ಕೊನೆಯ ಪುಸ್ತಕ ಪ್ರಕಟನೆಯ 2ನೇ ಅಧ್ಯಾಯ ನೋಡಿ ಅಂದಿದ್ದರು. ಅದರಲ್ಲಿ ಎಫೆಸ ಅನ್ನುವ ಊರಿನ ಕ್ರೈಸ್ತ ಸಭೆಗೆ ಯೇಸು ಹೇಳುವ ಮಾತಿದೆ. ಆ ಸಭೆಯಲ್ಲಿ ದುಡಿಮೆ ಇದೆ, ತಾಳ್ಮೆ ಇದೆ, ಸುಳ್ಳು ಅಪೊಸ್ತಲರನ್ನು (ಯೇಸು ಕಳಿಸಿದವರು ಅಂತ ಸುಳ್ಳು ಹೇಳಿಕೊಳ್ಳುವವರನ್ನು) ಪತ್ತೆಹಚ್ಚುವ ಜಾಣತನವೂ ಇದೆ, ಆದರೂ ಮೊದಲಿದ್ದ ಪ್ರೀತಿ ಬಿಟ್ಟಿದ್ದಾರೆ ಅನ್ನುವ ದೂರು. ನನ್ನನ್ನು ಹಿಡಿದು ನಿಲ್ಲಿಸಿದ್ದು 5ನೇ ವಚನ. ಮೊದಲಿನ ಹಾಗೆ ಫೀಲ್ ಮಾಡಿ ಅಂತ ಅಲ್ಲಿಲ್ಲ. ನೆನಪು ಮಾಡಿಕೊಳ್ಳಿ, ತಿರುಗಿಕೊಳ್ಳಿ, ಮೊದಲು ಮಾಡುತ್ತಿದ್ದದ್ದನ್ನು ಮಾಡಿ ಅಂತಿದೆ. ಇದು ಕೈಗೆ ಸಿಗುವ ಕೆಲಸ, ಅಲ್ವಾ?

ಮೊದಲೆಲ್ಲ ಅಡುಗೆಮನೆಯಲ್ಲಿ ಬೈಬಲ್‌ನ ಕೀರ್ತನೆಗಳನ್ನು, ಅಂದರೆ ಹಾಡಿನ ರೂಪದ ಪ್ರಾರ್ಥನೆಗಳನ್ನು, ಜೋರಾಗಿ ಓದುತ್ತಿದ್ದೆ. ಅದನ್ನೇ ಮತ್ತೆ ಹಿಡಿದಿದ್ದೇನೆ, ಕುಕ್ಕರ್ ಕೂಗಿದಾಗ ನಿಲ್ಲಿಸಿ ಮುಂದುವರಿಸುತ್ತೇನೆ. 13ನೇ ಕೀರ್ತನೆ ಬರೀ 6 ವಚನ, ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಅಂತ ದೇವರನ್ನೇ ನೇರವಾಗಿ ಕೇಳುತ್ತದೆ. 88ನೇ ಕೀರ್ತನೆ ಇನ್ನೂ ಗಟ್ಟಿ, ಕತ್ತಲಲ್ಲೇ ಮುಗಿಯುತ್ತದೆ. ಇವೂ ಪ್ರಾರ್ಥನೆ ಅಂದಮೇಲೆ ನನ್ನ ಗೊಣಗಾಟಕ್ಕೂ ಜಾಗ ಇದೆ.

ಕಣ್ಣೀರು ಗಿಣ್ಣೀರು ಏನೂ ಬಂದಿಲ್ಲ. ಆದರೆ ಸುಮ್ನೆ ಪುಟ ತಿರುವುವುದು ನಿಂತಿದೆ. ಈಗ ಮಗಳೂ ಪಕ್ಕ ನಿಂತು ಒಂದು ವಚನ ಬಿಟ್ಟು ಒಂದು ಓದುತ್ತಾಳೆ.