ಸಹಾಯ ಬೇಕು: ಎಫ್‌ಡಿಜಿ (ಪೆಟ್ ಸ್ಕ್ಯಾನಿಗೆ ಕೊಡುವ ವಿಕಿರಣಶೀಲ ಚುಚ್ಚುಮದ್ದು) ತುಂಬುವಾಗ ಬೆರಳಿಗೆ ತಗಲುವ ವಿಕಿರಣದ ಬಗ್ಗೆ

ಮಾನ್ಯರೇ, ನಾನು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್. ಗಾಮಾ ಕ್ಯಾಮೆರಾ ಕೋಣೆಯಲ್ಲಿ 140 ಕೆಇವಿ (ಕಿರಣದ ಶಕ್ತಿಯ ಅಳತೆ) ಕಿರಣದ ವಿಕಿರಣಶೀಲ ಟೆಕ್ನೀಷಿಯಂ ಜೊತೆ ನಿಶ್ಚಿಂತೆಯಿಂದಿದ್ದ ನಾನು ಪೆಟ್ ಸ್ಕ್ಯಾನ್ ವಿಭಾಗಕ್ಕೆ ಬಂದ ಮೇಲೆ, ಹೆಚ್ಚು ಶಕ್ತಿಯ 511 ಕೆಇವಿ ಕಿರಣ ಸೂಸುವ, ಎಫ್‌ಡಿಜಿಯಲ್ಲಿರುವ ಫ್ಲೋರಿನ್-18 ಅನ್ನು ಕೈಯಿಂದಲೇ ಸಿರಿಂಜಿಗೆ ತುಂಬಬೇಕಾಗಿರುವುದರಿಂದ, ಬೆರಳಿಗೆ ತಗಲುವ ವಿಕಿರಣ ಅಳೆಯುವ ಉಂಗುರದ ಡೋಸಿಮೀಟರಿನ ಅಂಕಿ ಏರುತ್ತಲೇ ಇದೆ. ಕೈಗಳಿಗೆ ನಿಗದಿಯಾಗಿರುವ ವಾರ್ಷಿಕ 500 ಮಿಲಿಸೀವರ್ಟ್ ಮಿತಿಗಿಂತ ಅದು ಬಹಳ ಕೆಳಗಿದೆ, ದೇಹದ ಡೋಸ್ ಅಳೆಯುವ ಎದೆಯ ಟಿಎಲ್‌ಡಿ ಬ್ಯಾಡ್ಜಿನದಂತೂ ಯಾವ ತಕರಾರೂ ಇಲ್ಲ. ಆದರೂ ಇಳಿಸಬಹುದಾದುದನ್ನು ಇಳಿಸದಿರುವುದು ನನಗೆ ಸರಿಕಾಣುವುದಿಲ್ಲ. ಟಂಗ್‌ಸ್ಟನ್ ಕವಚ ಹಾಕಿದರೆ ಸಿರಿಂಜ್ ಭಾರವಾಗಿ ಕೈ ನಿಧಾನವಾಗುತ್ತದೆ, ನಿಧಾನವಾದಷ್ಟೂ ಡೋಸ್ ಹೆಚ್ಚುತ್ತದೆ. ಮೊದಲೇ ರೋಗಿಯ ರಕ್ತನಾಳಕ್ಕೆ ಕ್ಯಾನ್ಯುಲಾ (ಸಣ್ಣ ಕೊಳವೆ) ಹಾಕಿಸಿ, ಉದ್ದನೆಯ ಇಕ್ಕಳದಿಂದ ವಯಲ್ (ಔಷಧದ ಸೀಸೆ) ಹಿಡಿದು ಕೆಲಸ ಮಾಡುವವರು, ಇವುಗಳಲ್ಲಿ ಯಾವುದರಿಂದ ತಮ್ಮ ಬೆರಳಿನ ಡೋಸ್ ನಿಜಕ್ಕೂ ಇಳಿಯಿತೆಂಬುದನ್ನು ದಯವಿಟ್ಟು ತಿಳಿಸಿ.