2000 ವಾಟಿನ ಗೀಸರ್ 1443 ವಾಟ್ ಮಾತ್ರ ಎಳೆಯುತ್ತಿದೆ: ಕಾಯಿಲ್ ಹಾಳಾಗಿದೆಯೇ?

ಪ್ರಶ್ನೆ (ಮಲ್ಪೆ, ಉಡುಪಿ):
ನಮ್ಮ 15 ಲೀಟರಿನ ಗೀಸರಿನ ಮೇಲೆ 230 ವೋಲ್ಟ್, 2000 ವಾಟ್ ಎಂದು ಬರೆದಿದೆ. ಸಂಜೆಯ ಹೊತ್ತು ನೀರು ಕಾಯುವುದು ಬಹಳ ತಡವಾಗುತ್ತಿರುವುದರಿಂದ, ಬಚ್ಚಲೊಲೆಗೆ ಮಡಲು ಹಾಕಿ ಹಂಡೆಯಲ್ಲೇ ಕಾಯಿಸುವುದು ಮೇಲೆಂದು ಅಮ್ಮ ಹೇಳತೊಡಗಿದ್ದಾರೆ. ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಅಳೆಯಿಸಿದಾಗ ಗೀಸರಿನ ಟರ್ಮಿನಲ್‌ನಲ್ಲಿ 195 ವೋಲ್ಟ್ ಇತ್ತು; ಫೇಸ್ ತಂತಿಯೊಂದನ್ನೇ ಕ್ಲಾಂಪ್ ಮೀಟರಿನೊಳಗೆ ಹಿಡಿದಾಗ 7.4 ಆಂಪಿಯರ್ ತೋರಿಸಿತು. ಗುಣಿಸಿದರೆ 1443 ವಾಟ್ ಮಾತ್ರ. ಕಾಯಿಲ್ ಬದಲಿಸಬೇಕೇ?

ಉತ್ತರ 1 (ಸುರತ್ಕಲ್):
ಕಾಯಿಲ್ ಬದಲಿಸುವ ಅಗತ್ಯವಿಲ್ಲ. ವೋಲ್ಟೇಜನ್ನು ಪ್ರವಾಹದಿಂದ (ಆಂಪಿಯರಿನಿಂದ) ಭಾಗಿಸಿದರೆ ರೋಧ, ಅಂದರೆ ಪ್ರವಾಹಕ್ಕೆ ಕಾಯಿಲ್ ಒಡ್ಡುವ ತಡೆ, ಸಿಗುತ್ತದೆ: 195 ಭಾಗಿಸು 7.4, ಅಂದರೆ ಸುಮಾರು 26.4 ಓಮ್. ಇನ್ನು ಗೀಸರಿನ ಮೇಲಿನ ಬರಹದಿಂದಲೇ ಲೆಕ್ಕ ಹಾಕೋಣ. 230ರ ವರ್ಗವನ್ನು 2000ದಿಂದ ಭಾಗಿಸಿದರೆ 26.45 ಓಮ್ ಬರುತ್ತದೆ. ಎರಡೂ ಹೊಂದುವುದರಿಂದ ಕಾಯಿಲ್ ಹೊಸದರಂತೆಯೇ ಇದೆ.

ಕಡಿಮೆಯಾಗಿರುವುದು ವೋಲ್ಟೇಜ್. ರೋಧ ಬದಲಾಗದಿದ್ದಾಗ ವೋಲ್ಟೇಜ್ ಇಳಿದಷ್ಟೇ ಪ್ರಮಾಣದಲ್ಲಿ ಪ್ರವಾಹವೂ ಇಳಿಯುವುದರಿಂದ ವಾಟ್ ಎರಡು ಬಾರಿ ಪೆಟ್ಟು ತಿನ್ನುತ್ತದೆ. ವೋಲ್ಟೇಜಿನಲ್ಲಿ ಶೇಕಡಾ 15 ಕಡಿತವಾದರೆ ವಾಟಿನಲ್ಲಿ ಶೇಕಡಾ 28 ಹೋಗುತ್ತದೆ. 27 ಡಿಗ್ರಿಯ 15 ಲೀಟರ್ ನೀರು 55 ಡಿಗ್ರಿಗೆ ಏರಲು 2000 ವಾಟಿನಲ್ಲಿ ಸುಮಾರು 15 ನಿಮಿಷ ಸಾಕು, ನಿಮ್ಮಲ್ಲಿ 20 ನಿಮಿಷ ದಾಟುತ್ತದೆ. ಗೀಸರ್ ಉರಿಯುತ್ತಿರುವಾಗಲೇ ಮೇನ್ ಬೋರ್ಡಿನಲ್ಲಿ ವೋಲ್ಟೇಜ್ ಎಷ್ಟಿದೆ ಎಂದು ದಯವಿಟ್ಟು ಅಳೆಯಿಸಿ ತಿಳಿಸಿ.

ಪ್ರಶ್ನೆ ಕೇಳಿದವರು:
ಬೋರ್ಡಿನಲ್ಲಿ 201 ವೋಲ್ಟ್ ಇದೆ. ಪ್ಲಗ್ ಮುಟ್ಟಿದರೆ ಬಿಸಿಯಾಗಿತ್ತು. ಕಿತ್ತು ನೋಡಿದಾಗ ಒಂದು ಪಿನ್ನಿನ ಬುಡ ಕಂದಿ, ಸುತ್ತಲಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿತ್ತು.

ಉತ್ತರ 2 (ಸುರತ್ಕಲ್):
ಹಾಗಿದ್ದರೆ ಆ ಸಾಕೆಟ್ಟನ್ನು ಇನ್ನು ಬಳಸಬೇಡಿ. ಬೋರ್ಡಿನಿಂದ ಗೀಸರಿಗೆ ಬರುವಷ್ಟರಲ್ಲಿ 6 ವೋಲ್ಟ್ ಕಳೆದುಹೋಗಿದೆ. ಅದನ್ನು 7.4ರಿಂದ ಭಾಗಿಸಿದರೆ ದಾರಿಯ ರೋಧ 0.8 ಓಮ್, ಗುಣಿಸಿದರೆ ಅಲ್ಲಿ ಸುಡುತ್ತಿರುವುದು 44 ವಾಟ್. 2.5 ಚದರ ಮಿಲಿಮೀಟರಿನ ತಾಮ್ರದ ತಂತಿ 10 ಮೀಟರ್ ಹೋಗಿಬರುವಲ್ಲಿ ಸುಮಾರು 0.14 ಓಮ್ ಮಾತ್ರ ಇರಬೇಕು. ಉಳಿದ ರೋಧದ ಬಹುಪಾಲು ಆ ಸಡಿಲ ಪಿನ್ನಿನಲ್ಲೇ ಕುಳಿತಿರುವಂತಿದೆ. ಬೆರಳ ತುದಿಯಷ್ಟು ಜಾಗದಲ್ಲಿ ಅಷ್ಟು ಶಾಖ ಸೇರಿದರೆ ಪ್ಲಾಸ್ಟಿಕ್ ಕರಗುತ್ತದೆ. ಕಡಲ ಬದಿಯ ಉಪ್ಪುಗಾಳಿಗೆ ಹಿತ್ತಾಳೆಯ ಪಿನ್ನುಗಳು ಬೇಗ ಕ್ಲಾವು ಹಿಡಿಯುವುದರಿಂದ ಬೋರ್ಡಿಗೂ ಗೀಸರಿಗೂ ನಡುವಿನ ಈ ವೋಲ್ಟೇಜ್ ಅಳತೆಯನ್ನು ನಮ್ಮ ಊರುಗಳಲ್ಲಿ ಕಡೆಗಣಿಸಬಾರದು.

ಉತ್ತರ 3 (ಕಾರ್ಕಳ):
ತೋಟದ ಪಂಪಿಗೆ ಇದೇ ಲೆಕ್ಕವನ್ನು ಯಾರೂ ಹಚ್ಚಬಾರದೆಂದು ವಿನಂತಿ. ಮೋಟಾರಿನಲ್ಲಿ ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ಸಿಗುವುದು ವೈಂಡಿಂಗಿನ (ಒಳಗೆ ಸುತ್ತಿದ ತಂತಿಯ) ರೋಧವಲ್ಲ, ಇಂಪೀಡೆನ್ಸ್, ಅಂದರೆ ರೋಧದ ಜೊತೆಗೆ ಕಾಂತಕ್ಷೇತ್ರದಿಂದಾಗುವ ತಡೆಯೂ ಸೇರಿದ ಒಟ್ಟು ತಡೆ. ವಾಟ್ ತಿಳಿಯಲು ವೋಲ್ಟ್ ಮತ್ತು ಆಂಪಿಯರಿನ ಗುಣಲಬ್ಧವನ್ನು ಪವರ್ ಫ್ಯಾಕ್ಟರಿನಿಂದಲೂ (ಅದರಲ್ಲಿ ನಿಜವಾಗಿ ಬಳಕೆಯಾಗುವ ಪಾಲು) ಗುಣಿಸಬೇಕು. ಅಲ್ಲದೆ ಹೊರೆ ಹೊತ್ತ ಮೋಟಾರು ವೋಲ್ಟೇಜ್ ಇಳಿದಾಗ ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗುತ್ತದೆ.

ಪ್ರಶ್ನೆ ಕೇಳಿದವರು:
ಪ್ಲಗ್ ಮತ್ತು 16 ಆಂಪಿಯರ್ ಸಾಕೆಟ್ ಎರಡನ್ನೂ ಇಂದು ಬದಲಿಸಿದರು. ಬೋರ್ಡಿನಲ್ಲಿ 201 ಇದ್ದಾಗ ಗೀಸರಿನಲ್ಲಿ 200 ವೋಲ್ಟ್, 7.6 ಆಂಪಿಯರ್ ಬರುತ್ತಿದೆ, ಪ್ಲಗ್ ತಣ್ಣಗಿದೆ.